ಹಿಂಬದಿ ಡೆಕ್ಕಿನ ಎಂಜಲು ತೊಟ್ಟಿ

ಸೋಮವಾರ ಬೆಳಿಗ್ಗೆ ಸಿರಾ ಪೇಟೆಯ ಮೊದಲನೆಯ ಮನೆಯಲ್ಲಿ ನಾನು ಬರೆದುಕೊಂಡದ್ದು ಒಂದೇ ಪದ: ಉತ್ತಮ. ಮಧ್ಯಾಹ್ನದ ನಮಾಜಿನ ಹೊತ್ತಿಗೆ ನಾಲ್ಕು ಮನೆ ಮುಗಿದವು. ನಾಲ್ಕರಲ್ಲೂ ಉತ್ತಮ. ಕಾಗದದಲ್ಲಿ ಮೂರು ಅಂಕಣಗಳಿದ್ದವು: ಉತ್ತಮ, ಸಾಧಾರಣ, ಕೆಟ್ಟದ್ದು. ಕೊನೆಯ ಎರಡು ಖಾಲಿ ಉಳಿದದ್ದನ್ನು ಕಂಡು ನನಗೆ ಒಳಗೊಳಗೇ ಸಂತೋಷವಾಗಿತ್ತು. ಅದನ್ನು ಮುಚ್ಚಿಡುವುದಿಲ್ಲ.

ಆ ಕಾಗದ ಬೊಂಬಾಯಿಯಿಂದ ಬಂದದ್ದು. ಹಜ್ ಯಾತ್ರಿಕರನ್ನು ಜಿದ್ದಾಕ್ಕೆ ಒಯ್ಯುವ ಒಂದು ಹಡಗಿನಲ್ಲಿ ನಾನು ಎರಡು ವರ್ಷ, ಯಾತ್ರೆಯ ಕಾಲದಲ್ಲಿ, ಊಟದ ಗುಮಾಸ್ತನಾಗಿದ್ದೆ. ಹಿಂದೆಲ್ಲ ಯಾತ್ರಿಕರು ಅಕ್ಕಿ, ಬೇಳೆ, ಒಲೆ, ಸೌದೆ ಎಲ್ಲವನ್ನೂ ತಾವೇ ಹೊತ್ತು ತಂದು ಡೆಕ್ಕಿನ ಮೇಲೆ ಬೇಯಿಸಿಕೊಳ್ಳುತ್ತಿದ್ದರಂತೆ. ಈಗ ಟಿಕೆಟ್ಟಿನ ಜೊತೆಗೇ ಎರಡು ಹೊತ್ತಿನ ಊಟ ಸೇರಿದೆ. ನನ್ನ ಎರಡನೆಯ ವರ್ಷದ ಪ್ರಯಾಣ ಮುಗಿದ ಮೇಲೆ ಕಂಪನಿಗೆ ಉತ್ತರದೇಶದ ಯಾತ್ರಿಕರಿಂದ ಎರಡು ದೂರು ಹೋದವು. ಹಡಗಿನ ಊಟ ವರ್ಷದಿಂದ ವರ್ಷಕ್ಕೆ ಕೆಡುತ್ತಿದೆ ಎಂಬುದು ಎರಡರ ಸಾರಾಂಶ. ಕಂಪನಿಯ ಏಜೆಂಟರು ನನಗೆ ಬರೆದರು: ನಿಮ್ಮ ಸೀಮೆಯ ಹತ್ತೊಂಬತ್ತು ಮಂದಿ ಈ ಸಲ ಒಟ್ಟಿಗೆ ಪ್ರಯಾಣ ಮಾಡಿದ್ದಾರೆ, ಅವರ ಮನೆಗಳಿಗೆ ಹೋಗಿ ವಿಚಾರಿಸಿ, ನೀವು ಅಂಕಿಅಂಶ ಇಡುವವರು, ನಿಮ್ಮ ವರದಿಯನ್ನು ನೋಡಿಯೇ ಮುಂದಿನ ವರ್ಷದ ಅಡುಗೆಯ ವ್ಯವಸ್ಥೆ ಮಾಡುತ್ತೇವೆ.

ಅಡುಗೆಯ ವ್ಯವಸ್ಥೆ ಎಂದರೆ ನನ್ನ ಮಾಮು, ನಮ್ಮ ಅವ್ವನ ಅಣ್ಣ. ಹಡಗಿನ ಮುಖ್ಯ ಅಡುಗೆಯವನನ್ನು ಭಂಡಾರಿ ಎನ್ನುತ್ತಾರೆ. ಮಾಮು ಆ ಹಡಗಿನ ಭಂಡಾರಿ. ನನ್ನನ್ನು ಕಂಪನಿಗೆ ಸೇರಿಸಿದವರೂ ಅವರೇ. ಈ ನಂಟು ಏಜೆಂಟರಿಗೆ ಗೊತ್ತಿರಲಿಲ್ಲ. ನಾನೂ ತಿಳಿಸಲಿಲ್ಲ.

ನಮ್ಮದು ಹತ್ತಿ ಹಿಂಜುವವರ ಮನೆ. ಮನೆಯ ಮಾತು ಕನ್ನಡ, ನಮಾಜಿಗೆ ಬೇಕಾದಷ್ಟು ಅರಬ್ಬಿ, ಪೇಟೆಗೆ ಬೇಕಾದಷ್ಟು ಉರ್ದು. ಮಾಮು ಮಾತ್ರ ಹತ್ತಿಯ ಬಿಲ್ಲು ಬಿಟ್ಟು ಸೌಟು ಹಿಡಿದವರು. ಸಿರಾ ಸುತ್ತಿನ ಮದುವೆಗಳಲ್ಲಿ ಇಪ್ಪತ್ತು ವರ್ಷ ಅಡುಗೆ ಮಾಡಿದ್ದರು. ಅವರಿಗೊಂದು ಪದ್ಧತಿಯಿತ್ತು. ಪಂಕ್ತಿ ಕೂತಾಗ ಅವರು ಉಣ್ಣುವವರ ಮುಖ ನೋಡುತ್ತಿರಲಿಲ್ಲ, ಹಿತ್ತಿಲಿಗೆ ಹೋಗಿ ಎಂಜಲು ತೊಟ್ಟಿಯ ಪಕ್ಕ ನಿಲ್ಲುತ್ತಿದ್ದರು. ಏನು ಹಿಂದಿರುಗಿತು, ಎಷ್ಟು ಹಿಂದಿರುಗಿತು ಎಂಬುದರ ಮೇಲೆ ಎರಡನೆಯ ಪಂಕ್ತಿಗೆ ಉಪ್ಪು, ಖಾರ ತಿದ್ದುತ್ತಿದ್ದರು. ಹಡಗು ಹತ್ತಿದ ದಿನ ನನಗೆ ಹೇಳಿದ್ದೂ ಅದನ್ನೇ. "ಊಟ ಹೆಂಗಿತ್ತು ಅಂತ ಯಾರನ್ನೂ ಕೇಳ್ಬ್ಯಾಡ ಕಣ್ಲಾ. ಎಲ್ರೂ ಚೆನ್ನಾಗಿತ್ತು ಅಂತಾರೆ. ತೊಟ್ಟಿ ನೋಡ್ಕೊಂಡು ಬಂದು ನಂಗೆ ಹೇಳು, ಸಾಕು."

ನಾನು ಹಾಗೇ ಮಾಡಿದ್ದೆ. ಹಿಂಬದಿ ಡೆಕ್ಕು ನನ್ನ ಪಾಲಿಗೆ ಬಂದಿತ್ತು. ಅಲ್ಲಿ ಸುಮಾರು ಮುನ್ನೂರು ಜನ, ನಮ್ಮ ಕಡೆಯವರೂ ಅಲ್ಲಿಯೇ. ಮೊದಲನೆಯ ವರ್ಷ ತೊಟ್ಟಿ ಹೊರುವ ಆಳುಗಳು ಸಂಜೆ ಬಂದು ಎಷ್ಟು ತೊಟ್ಟಿ ತುಂಬಿತೆಂದು ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಆರು, ಆರು, ಏಳು, ಆಮೇಲೆ ಒಂಬತ್ತರವರೆಗೆ ಏರಿತ್ತು. ಆಳುಗಳ ಬಾಯಿಲೆಕ್ಕ ನನಗೆ ಸಮಾಧಾನ ಕೊಡಲಿಲ್ಲ. ಎರಡನೆಯ ವರ್ಷ ನಾನೇ ಎರಡೂ ಹೊತ್ತು ಪೆನ್ಸಿಲು, ಪುಸ್ತಕ ಹಿಡಿದು ತೊಟ್ಟಿಯ ಪಕ್ಕ ನಿಂತೆ. ಮೊದಲ ದಿನ ಏಳು. ನಾಲ್ಕನೆಯ ದಿನ ಐದು. ಎಂಟನೆಯ ದಿನ ಮೂರು. ಜಿದ್ದಾ ಮುಟ್ಟುವ ಹಿಂದಿನ ದಿನ ಒಂದೂವರೆ. ಈ ಪಟ್ಟಿಯನ್ನು ಅಂದವಾಗಿ ಗೆರೆ ಎಳೆದು ಕಂಪನಿಗೆ ಕೊಟ್ಟಿದ್ದೆ. ಊಟ ಕೆಡುತ್ತಿದೆ ಎಂದವರಿಗೆ ನನ್ನ ಬಳಿ ಉತ್ತರ ಆಗಲೇ ಸಿದ್ಧವಿತ್ತು. ಈ ಸೀಮೆಯಲ್ಲಿ ತಿರುಗುವುದು ಅದಕ್ಕೊಂದು ಮುದ್ರೆ ಒತ್ತಿಸಿಕೊಳ್ಳುವುದಕ್ಕೆ ಎಂದೇ ನಾನು ಹೊರಟಿದ್ದೆ.

ಸಿರಾದ ಐದನೆಯ ಮನೆ ಕಂಬಳಿ ವ್ಯಾಪಾರಿಯದು. ನಗಿಸುವ ಮನುಷ್ಯ. ನಾನು ಪ್ರಶ್ನೆ ಓದಿದ ಕೂಡಲೇ ಎದೆಯ ಮೇಲೆ ಕೈ ಇಟ್ಟುಕೊಂಡರು.

"ನಿಮ್ ಮಾಮು ಕೈಯಡುಗೆ ಉಂಡು ಜೀವಂತ ಬಂದಿವ್ನಲ್ಲ, ಇನ್ನೇನ್ ಬೇಕು ನಿಂಗೆ?"

ಪರದೆಯ ಹಿಂದಿನಿಂದ ಅವರ ಹೆಂಡತಿ ನಕ್ಕರು. "ಸುಮ್ಕಿರಿ ನೀವು. ಹುಡ್ಗ ಬರ್ಕೊಂಡ್‌ಬುಟ್ಟಾನು."

"ಬರ್ಕೊಳ್ಳಲಿ ಬುಡು. ಚೆನ್ನಾಗಿತ್ತು ಕಣಪ್ಪ. ಏನ್ ಕಮ್ಮಿ ಇತ್ತು? ಚೆನ್ನಾಗೇ ಇತ್ತು."

ನಾನು ಉತ್ತಮ ಎಂದು ಬರೆದೆ. ಅವರ ನಗೆಯನ್ನು ಬರೆಯಲು ಅಂಕಣವಿರಲಿಲ್ಲ.

ಮಂಗಳವಾರ ಬೈಸಿಕಲ್ ಬಾಡಿಗೆಗೆ ಹಿಡಿದು ಗೌಡಗೆರೆಗೆ, ಅಲ್ಲಿಂದ ಹುಲಿಕುಂಟೆಗೆ ಹೋದೆ. ಎರಡು ಮನೆ. ಕಡಲೆಕಾಯಿ ಬಿಡಿಸುತ್ತ ಕೂತ ಮುದುಕರೊಬ್ಬರು, ಕುರಿ ಸಾಕುವವರೊಬ್ಬರು. ಇಬ್ಬರೂ ಒಂದೇ ಧಾಟಿಯಲ್ಲಿ ದೇವರ ದಯ ಎಂದರು. ಸಿರಾದವರೂ ಸೇರಿ ಎಂಟು ಜನರಲ್ಲಿ ಏಳು ಉತ್ತಮ ಆದವು, ಒಬ್ಬರು ಊರಲ್ಲಿರಲಿಲ್ಲ. ಸಂಜೆ ಮನೆಗೆ ಬಂದಾಗ ಮಾಮು ಜಗಲಿಯ ಮೇಲೆ ಕೂತಿದ್ದರು.

"ಎಷ್ಟ್ ಮನೆ ಆಯ್ತಲಾ?"

"ಏಳು, ಮಾಮು. ಎಲ್ಲಾ ಉತ್ತಮ."

ಅವರು ಬೀಡಿ ಹಚ್ಚಿದರು. ಸಮಾಧಾನಪಟ್ಟರೆಂದುಕೊಂಡೆ. ಆದರೆ ಸ್ವಲ್ಪ ಹೊತ್ತಾದ ಮೇಲೆ ಕೇಳಿದರು: "ಬ್ಯಾಳೆ ವಿಷ್ಯ ಯಾರಾದ್ರೂ ಏನಾದ್ರೂ ಅಂದ್ರಾ?"

"ಇಲ್ಲ."

"ಸರಿ. ತೊಟ್ಟಿನೇ ಹೇಳ್ತದಲ್ಲ" ಎಂದು ಎದ್ದು ಹೋದರು.

ಬುಧವಾರ ಬಸ್ಸಿನಲ್ಲಿ ಮಧುಗಿರಿಗೆ ಹೋದೆ. ಅಲ್ಲಿ ಐವರು. ಬೆಟ್ಟದ ಬುಡದ ಬೀದಿಯಲ್ಲಿ ಮೂವರು ಒಂದೇ ಮನೆಯವರು, ಮೂರು ಉತ್ತಮ. ನಾಲ್ಕನೆಯವರು ಜ್ವರದಲ್ಲಿ ಮಲಗಿದ್ದರು, ಕೈಸನ್ನೆಯಿಂದಲೇ ಉತ್ತಮ ಎಂದರು. ಐದನೆಯವರು ಉರ್ದು ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಮೇಷ್ಟ್ರು. ಅವರು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ಕನ್ನಡಕ ಹಾಕಿಕೊಂಡು, ಮೂರೂ ಅಂಕಣಗಳನ್ನು ಓದಿ, ಮಡಚಿ ಹಿಂದಕ್ಕೆ ಕೊಟ್ಟರು.

"ನಾನು ಉತ್ತರ ಹೇಳಲ್ಲ."

"ಯಾಕೆ ಮೇಷ್ಟ್ರೇ? ಹೆಸರು ಬರೆಯಲ್ಲ."

"ಹೆಸರಿನ ಮಾತಲ್ಲಪ್ಪ. ಆ ದಾರೀಲಿ ಹೊರಟೋನು ಜಗಳ ಆಡಬಾರದು, ಗೊಣಗಬಾರದು. ಕಷ್ಟ ಬಂದ್ರೆ ಅದೂ ಯಾತ್ರೆಯೊಳಗೇ ಸೇರಿತು. ಹೋಗಿಬಂದು ಅನ್ನ ಸರಿಯಿರಲಿಲ್ಲ ಅಂತ ಹೇಳಿದರೆ ನಾನು ಅಷ್ಟು ದೂರ ಹೋಗಿದ್ದೇಕೆ?"

"ಹಾಗಾದರೆ ಸರಿಯಿರಲಿಲ್ಲವೇ?"

ಮೇಷ್ಟ್ರು ನನ್ನನ್ನು ಬಹಳ ಹೊತ್ತು ನೋಡಿದರು. ತರಗತಿಯಲ್ಲಿ ತಪ್ಪು ಲೆಕ್ಕವನ್ನು ಸರಿಯೆಂದು ಸಾಧಿಸುವ ಹುಡುಗನನ್ನು ಹಾಗೆ ನೋಡಿರಬೇಕು.

"ನಿನ್ನ ಹತ್ರ ಎಷ್ಟು ಉತ್ತಮ ಸೇರಿವೆ?"

"ಹನ್ನೊಂದು."

"ಹನ್ನೊಂದರಲ್ಲಿ ಒಬ್ಬನೂ ಉಪ್ಪು ಹೆಚ್ಚು, ಖಾರ ಕಮ್ಮಿ ಅನ್ನಲಿಲ್ಲ. ನಮ್ಮ ಮನೇಲಿ ನಾಲ್ಕು ಜನ ಉಂಡರೆ ನಾಲ್ಕು ಮಾತು ಬರ್ತವೆ. ನೀನೇ ಯೋಚನೆ ಮಾಡು."

ಆ ದಿನ ಮಧುಗಿರಿಯ ಮುಸಾಫಿರಖಾನೆಯಲ್ಲಿ ಕೂತು ನನ್ನ ಹಡಗಿನ ದಿನಚರಿಯನ್ನು ಮೊದಲಿನಿಂದ ಓದಿದೆ. ದಿನ, ಅಡುಗೆ, ಬಡಿಸಿದ ತಟ್ಟೆಗಳು, ತೊಟ್ಟಿಗಳು. ಒಂದೊಂದು ದಿನಕ್ಕೆ ನಾಲ್ಕು ಸಾಲು. ಓದುತ್ತ ಒಂದು ಸಂಗತಿ ಕಣ್ಣಿಗೆ ಬಿತ್ತು. ಅಲೆ ಜೋರಾಗಿದ್ದ ಆರನೆಯ ದಿನ ಡೆಕ್ಕಿನಲ್ಲಿ ಅರ್ಧ ಜನ ವಾಂತಿ ಮಾಡುತ್ತ ಮಲಗಿದ್ದರು. ಅಂದೂ ತಟ್ಟೆಗಳೆಲ್ಲ ಹೋಗಿವೆ, ತೊಟ್ಟಿ ನಾಲ್ಕೇ. ವಾಂತಿ ಮಾಡುವವರು ಉಂಡದ್ದು ಹೇಗೆ? ಆ ದಿನ ಈ ಪ್ರಶ್ನೆ ನನಗೆ ಬಂದಿರಲಿಲ್ಲ. ಸಂಖ್ಯೆ ಇಳಿದದ್ದಕ್ಕೆ ಖುಷಿಯಿಂದ ಅಡಿಗೆರೆ ಎಳೆದಿದ್ದೆ.

ಒಂಬತ್ತನೆಯ ದಿನದ ಪುಟದಲ್ಲಿ ಇನ್ನೊಂದು ಸಾಲಿತ್ತು: "ಊಟ ಒಂದು ಕಡಿಮೆ." ಅಂದು ಕೊರಟಗೆರೆಯ ಮುದುಕರೊಬ್ಬರು ತೀರಿಕೊಂಡಿದ್ದರು. ಡಾಕ್ಟರು ವೃದ್ಧಾಪ್ಯ, ನಿಶ್ಶಕ್ತಿ ಎಂದು ಬರೆದರು. ಬಿಳಿ ಬಟ್ಟೆಯಲ್ಲಿ ಸುತ್ತಿ ನಮಾಜು ಮಾಡಿ ಸಮುದ್ರಕ್ಕೆ ಇಳಿಸಿದ್ದೆವು. ನಾನೂ ಆ ಸಾಲಿನಲ್ಲಿ ನಿಂತಿದ್ದೆ. ಆಮೇಲೆ ಬಂದು ಬರೆದದ್ದು ಇಷ್ಟೇ.

ಹತ್ತೊಂಬತ್ತು ಮಂದಿಯಲ್ಲಿ ಹದಿನೆಂಟು ಮಂದಿ ಹಿಂತಿರುಗಿದ್ದರು. ಆ ಮುದುಕರ ಹೆಂಡತಿ ಹದಿನೆಂಟರಲ್ಲಿ ಒಬ್ಬರು. ಶುಕ್ರವಾರ ಕೊರಟಗೆರೆಗೆ ಹೋದೆ.

ಇಷ್ಟರಲ್ಲಿ ನನ್ನ ಪ್ರಶ್ನೆಯನ್ನು ಬದಲಾಯಿಸಿಕೊಂಡಿದ್ದೆ. ಊಟ ಹೇಗಿತ್ತು ಎಂದು ಕೇಳಬಾರದು. ಯಾವ ದಿನ ಏನು ತಿಂದಿರಿ, ಎಷ್ಟು ತುತ್ತು, ಉಳಿದದ್ದನ್ನು ಏನು ಮಾಡಿದಿರಿ ಎಂದು ಕೇಳಬೇಕು. ಕೊರಟಗೆರೆಯ ಮೊದಲ ಮನೆಯಲ್ಲಿ ಇದೂ ಕೆಲಸ ಮಾಡಲಿಲ್ಲ. ಆತ ನೆನಪಿಲ್ಲ ಎಂದು ಹೇಳಿ ಎತ್ತು ಕಟ್ಟಲು ಹೋದ. ಎರಡನೆಯದು ಅಜ್ಜಿಯ ಮನೆ.

ಅಜ್ಜಿ ನನ್ನ ಗುರುತು ಹಿಡಿದರು. "ಪುಸ್ತಕದ ಹುಡ್ಗ" ಎಂದರು. ನನಗೆ ಹಡಗಿನಲ್ಲಿ ಆ ಹೆಸರಿತ್ತೆಂದು ಅಂದೇ ಗೊತ್ತಾದದ್ದು. ನಾನು ಕಾಗದ ತೆಗೆಯುವ ಮೊದಲೇ ತಟ್ಟೆ ತಂದಿಟ್ಟರು. ರಾಗಿ ಮುದ್ದೆ, ಹುರುಳಿಸಾರು. ಎದುರಿಗೆ ಕೂತು ಕೊನೆಯ ತುತ್ತಿನವರೆಗೂ ನನ್ನ ಕೈಯನ್ನೇ ನೋಡುತ್ತಿದ್ದರು.

"ನೀನು ಉಣ್ಣೋದನ್ನ ಹಡಗಲ್ಲಿ ಒಂದ್ ದಿನಾನೂ ನೋಡ್ಲಿಲ್ಲ ಕಣಪ್ಪ. ಯಾವಾಗ್ಲೂ ನಿಂತೇ ಇರ್ತಿದ್ದೆ."

"ನಮಗೆ ನೌಕರರ ಅಡುಗೆಮನೆಯಿಂದ ಬರ್ತಿತ್ತು ಅಜ್ಜಿ."

"ಓ. ಅಂಗಾ. ಬೇರೆ ಅಡ್ಗೆ."

ಅದರಲ್ಲಿ ಆಕ್ಷೇಪಣೆಯ ದನಿ ಇರಲಿಲ್ಲ. ತಿಳಿದುಕೊಂಡರು, ಅಷ್ಟೇ. ಎರಡನೆಯ ವರ್ಷ ಡೆಕ್ಕಿನ ಅನ್ನವನ್ನು ನಾನು ಒಂದು ಸಲವೂ ಬಾಯಿಗೆ ಹಾಕಿರಲಿಲ್ಲ ಎಂಬುದು ನನಗೇ ಆಗ ಹೊಳೆಯಿತು. ಪುಸ್ತಕದಲ್ಲಿ ಅದಕ್ಕೆ ಅಂಕಣವಿರಲಿಲ್ಲ.

ನಾನು ಅವರ ಯಜಮಾನರ ಬಗ್ಗೆ ಕೇಳಿದೆ. ಕೊನೆಯ ದಿನಗಳಲ್ಲಿ ಏನು ತಿನ್ನುತ್ತಿದ್ದರು?

"ಹುರಿಹಿಟ್ಟು. ಮನೆಯಿಂದ ಒಂದು ಚೀಲ ತಗೊಂಡೋಗಿದ್ವಿ. ಐದನೇ ದಿನಕ್ಕೆ ಮುಗೀತು. ಆಮೇಲೆ ಚಾ."

"ಅನ್ನ?"

ಅಜ್ಜಿ ಸೆರಗಿನಿಂದ ತಟ್ಟೆಯ ಪಕ್ಕದ ನೆಲ ಒರೆಸಿದರು. ಒರೆಸುವಂಥದ್ದು ಅಲ್ಲಿ ಏನೂ ಇರಲಿಲ್ಲ.

"ಬ್ಯಾಳೆ ಬಟ್ಟೆ ಒಗೆಯೋ ಸವಳುಸೋಪಿನ ವಾಸ್ನೆ ಹೊಡೀತಿತ್ತು ಮಗ. ಅನ್ನ ಕಹಿ. ಬಾಯಿಗಿಟ್ರೆ ಅವ್ರಿಗೆ ಹೊಟ್ಟೆ ತೊಳಸೋದು. ನಾನು ಮೂಗು ಮುಚ್ಕೊಂಡು ಎಲ್ಡು ತುತ್ತು ನುಂಗ್ತಿದ್ದೆ. ಅವ್ರ ಕೈಲಿ ಆಗ್ಲಿಲ್ಲ."

"ತಟ್ಟೆ ತಗೊಳ್ತಿದ್ರಲ್ಲ ಅಜ್ಜಿ. ದಿನಾ ತಗೊಂಡ್ರು. ನನ್ನ ಪುಸ್ತಕದಲ್ಲಿದೆ."

"ತಗೊಳ್ದೆ ಇರಕ್ಕಾಯ್ತದಾ? ಮಾಡಿರೋನು ನಮ್ ಸಿರಾದೋನು. ಎಲ್ಡು ಹೊತ್ತೂ ಬೆವರು ಸುರಿಸ್ಕೊಂಡು ಬಡಿಸ್ತಾನೆ. ಬ್ಯಾಡ ಅಂದ್ರೆ ಅವನ್ಗೆ ಮಾನ ಹೋಗಲ್ವಾ?"

"ಆಮೇಲೆ ಅದನ್ನ ಏನ್ ಮಾಡ್ತಿದ್ರಿ? ತೊಟ್ಟಿಗೆ ಬಂದೇ ಇಲ್ಲ."

"ತೊಟ್ಟಿ ಹತ್ರ ನೀನು ನಿಂತಿರ್ತಿದ್ದೆಲ್ಲಪ್ಪ."

ಅರ್ಥವಾಗಲಿಲ್ಲ ಎಂದೆ.

"ಪುಸ್ತಕ ಹಿಡ್ಕೊಂಡು ನಿಂತಿರ್ತಿದ್ದೆ. ನಮ್ಮ ಕಡೆಯೋರಿಗೆ, ಅಯ್ಯೋ ಪಾಪ, ಭಂಡಾರಿ ತಂಗಿ ಮಗ, ಅವನ ಕಣ್ಣೆದುರಿಗೇ ಅವರ ಮಾಮು ಮಾಡಿದ ಅನ್ನ ಸುರಿಯೋದೆಂಗೆ ಅಂತ. ಬ್ಯಾರೆ ಊರೋರಿಗೆ, ಯಾರು ಸುರೀತಾರೆ ಅಂತ ಹೆಸ್ರು ಬರ್ಕೊಂತಾನೆ, ನಾಳೆ ಊಟ ನಿಲ್ಲಿಸ್ತಾನೆ ಅಂತ. ಎಲ್ರೂ ಹಿಂದ್ಗಡೆ ಕಟಕಟೆ ಹತ್ರ ಹೋಗಿ ಸಮುದ್ರಕ್ಕೆ ಹಾಕ್‌ಬುಡ್ತಿದ್ವಿ. ಬಿಸ್ಮಿಲ್ಲಾ ಅಂದು ಹಾಕ್ತಿದ್ವಿ. ಮೀನಿಗಾದ್ರೂ ಆಗ್ಲಿ ಅಂತ."

ಅಜ್ಜಿ ಕೇಳಿದರು: "ಇನ್ನೊಂಚೂರು ಸಾರು ಬಿಡ್ಲಾ?"

ಹೊರಗೆ ಬಂದು ಹುಣಸೆಮರದ ಕೆಳಗೆ ನಿಂತು ಎರಡು ವರ್ಷದ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ನಾನು ದೂರವಿದ್ದ ವರ್ಷ ತೊಟ್ಟಿಗಳು ಏರಿದ್ದವು, ಹತ್ತಿರ ನಿಂತ ವರ್ಷ ಇಳಿದಿದ್ದವು. ನಾನು ಅಳೆದದ್ದು ಊಟವನ್ನಲ್ಲ. ಜನ ನನ್ನನ್ನು ಎಷ್ಟು ಚೆನ್ನಾಗಿ ಗಮನಿಸಿದ್ದರು ಎಂಬುದನ್ನು ಅಷ್ಟೇ ಅಳೆದಿದ್ದೆ.

ಆದರೂ ಕಂಪನಿ ಕೇಳಿದ ಪ್ರಶ್ನೆಗೆ ಇದು ಪೂರ್ತಿ ಉತ್ತರವಾಗಲಿಲ್ಲ. ಈ ಸಲದ ಊಟ ಕೆಟ್ಟಿತ್ತು ಎಂದಾಯಿತು. ವರ್ಷದಿಂದ ವರ್ಷಕ್ಕೆ ಕೆಡುತ್ತಿದೆಯೇ ಎಂದು ಹೇಳಬೇಕಾದರೆ ಎರಡೂ ಸಲ ಉಂಡವರೊಬ್ಬರು ಬೇಕು. ಅಂಥವನು ಇಡೀ ಸೀಮೆಯಲ್ಲಿ ಒಬ್ಬನೇ ಇದ್ದ, ಪಾವಗಡದ ಗಾಣದವನು. ಮೊದಲ ವರ್ಷ ತಾಯಿಯ ಜೊತೆ, ಮರುವರ್ಷ ಹೆಂಡತಿ ಮತ್ತು ಮಾವನ ಜೊತೆ ಹೋಗಿದ್ದ. ಶನಿವಾರ ಮಧುಗಿರಿಗೆ ಹಿಂದಿರುಗಿ, ಭಾನುವಾರ ಬಸ್ಸಿಲ್ಲದೆ ಕಾದು, ಸೋಮವಾರ ಪಾವಗಡ ಸೇರಿದೆ. ದಾರಿಯಲ್ಲಿ ಎರಡು ಸಲ ಬಸ್ಸಿನ ಟೈರು ಹೋಯಿತು.

ಗಾಣದವನು ಎತ್ತನ್ನು ನಿಲ್ಲಿಸದೆಯೇ ಮಾತಾಡಿದ. ಅವನ ಹಿಂದೆ ಸುತ್ತು ಹಾಕುತ್ತ ನಾನು ಬರೆದುಕೊಂಡೆ. ಅವನ ಮಾತಿನಲ್ಲಿ ಅರ್ಧ ತೆಲುಗು.

"ಚೇಪಲು ಬಾಗಾ ತಿನ್ನಾಯಿ, ಬರ್ಕೋ" ಎಂದು ನಕ್ಕ. ಮೀನುಗಳು ಚೆನ್ನಾಗಿ ತಿಂದವು ಎಂದು ಅದರ ಅರ್ಥ. ಸಮುದ್ರಕ್ಕೆ ಸುರಿದದ್ದನ್ನು ನಗುತ್ತ ಒಪ್ಪಿಕೊಂಡವನು ಅವನೊಬ್ಬನೇ.

"ಹೋದ ವರ್ಷ ಹೇಗಿತ್ತಣ್ಣ? ಅದಕ್ಕೂ ಇದಕ್ಕೂ ವ್ಯತ್ಯಾಸ ಇತ್ತಾ?"

"ಹೋದೊರ್ಷ ನಾಕು ದಿನ ಮದ್ವೆ ಊಟ. ಅನ್ನ ಬಿಡಿಬಿಡಿ ಮಲ್ಲಿಗೆ ಹಂಗೆ. ಆಮೇಲೆ ಬೇಳೆ ಗಟ್ಟಿ, ಹಲ್ಲಿಗೆ ಟಕಟಕ ಅಂತಿತ್ತು. ಜನ ತೊಟ್ಟಿಗೆ ಸುರಿದ್ರು. ಆದ್ರೆ ಅದು ಬೇಳೆ ಕಣಯ್ಯಾ! ಬೇಯದ ಬೇಳೆ, ಆದ್ರೂ ಬೇಳೆ. ಈ ಸಲ ಎರಡನೇ ದಿನಕ್ಕೇ ಸೋಪು. ದಿನಾ ಜಾಸ್ತಿ, ಜಾಸ್ತಿ. ನಮ್ಮ ಮಾವ ಅನ್ನೋನು, ಅಲ್ಲುಡೂ, ಅಳಿಯಾ, ಇದ್ರಲ್ಲಿ ಪಂಚೆ ಒಗೀಬೋದು ಅಂತ."

"ನನಗೆ ಅಲ್ಲೇ ಹೇಳಬಹುದಿತ್ತಲ್ಲ."

ಅವನು ಎತ್ತಿನ ಬೆನ್ನು ತಟ್ಟಿದ. ನಗು ನಿಂತಿತ್ತು. "ನೀನು ಕೇಳಿದ್ಯಾ?"

ಮಂಗಳವಾರ ಪಾವಗಡದಿಂದ ಹೊರಟು ಬುಧವಾರ ಬೆಳಿಗ್ಗೆ ಸಿರಾ ಮುಟ್ಟಿದೆ. ಮಾಮು ಒಂದು ಮದುವೆ ಮನೆಯ ಹಿತ್ತಿಲಲ್ಲಿ ಚಪ್ಪರದ ಕೆಳಗೆ ಈರುಳ್ಳಿ ಹೆಚ್ಚಿಸುತ್ತಿದ್ದರು. ನಾನು ಕೇಳಬೇಕಾದ್ದನ್ನು ನಿಂತಲ್ಲೇ ಕೇಳಿದೆ. ಬೇಳೆಗೆ ಏನು ಹಾಕಿದಿರಿ?

ಅವರು ಸುತ್ತಲಿದ್ದವರನ್ನು ದೂರ ಕಳಿಸಿದರು. ಆಮೇಲೆ ಸುಳ್ಳು ಹೇಳಲಿಲ್ಲ. ಹಡಗಿನಲ್ಲಿ ಸಿಹಿನೀರಿನ ಪಂಪಿಗೆ ಬೀಗ. ಅಧಿಕಾರಿಯೊಬ್ಬ ದಿನಕ್ಕೆ ಎರಡು ಸಲ ತೆಗೆಯುತ್ತಾನೆ. ಎರಡನೆಯ ವರ್ಷ ಯಾತ್ರಿಕರು ಹೆಚ್ಚಿದರು, ಅಡುಗೆಗೆ ಕೊಡುವ ನೀರು ಹೆಚ್ಚಲಿಲ್ಲ. ಅಕ್ಕಿಯನ್ನು ಸಮುದ್ರದ ನೀರಿನಲ್ಲಿ ತೊಳೆದರು. ಅದು ಸಾಲದೆ ಕುದಿಯುವ ನೀರಿಗೂ ಒಂದು ಪಾಲು ಸಮುದ್ರದ ನೀರು ಬೆರೆಸಿದರು. ಉಪ್ಪು ಹಾಕುವ ಬದಲು ಇದು ಎಂದು ಲೆಕ್ಕ. ಆ ನೀರಿನಲ್ಲಿ ಬೇಳೆ ಬೇಯಲಿಲ್ಲ. ಹಿಂದಿನ ವರ್ಷ ಗಟ್ಟಿಬೇಳೆ ತೊಟ್ಟಿಗೆ ಬಂದದ್ದು ಅವರಿಗೆ ನೆನಪಿತ್ತು. ಅದಕ್ಕೇ ಒಂದು ದೇಗಿಗೆ, ಎಂದರೆ ದೊಡ್ಡ ಹಂಡೆಗೆ, ಒಂದು ಹಿಡಿ ಅಡುಗೆ ಸೋಡಾ ಹಾಕಿದರು. ಬೇಳೆ ಬೆಣ್ಣೆಯಂತೆ ಕರಗಿತು.

"ನೀವು ರುಚಿ ನೋಡ್ಲಿಲ್ವಾ ಮಾಮು?"

"ನಂಗೆ ಹಡಗು ಹತ್ತಿದ್ರೆ ಏನೂ ಸೇರಲ್ಲ ಅಂತ ನಿಂಗೆ ಗೊತ್ತಿಲ್ವಾ? ರಸ್ಕು, ಚಾ, ಅಷ್ಟೇ. ವಾಸ್ನೆನೂ ಗೊತ್ತಾಗಲ್ಲ."

"ಒಂದ್ ಹಿಡಿಗೆ ಇಷ್ಟಾಯ್ತಾ?"

ಮಾಮು ಸೌಟನ್ನು ಕೆಳಗಿಟ್ಟರು.

"ಒಂದ್ ಹಿಡಿ ಹಾಕ್ದ ದಿನ ಸಂಜೆ ನೀನು ಬಂದೆ. ಎಷ್ಟ್ಲಾ ಅಂದೆ. ಆರು ಅಂದೆ ನೀನು. ಎಲ್ಡು ಹಿಡಿ ಹಾಕ್ದೆ. ಐದು ಅಂದೆ. ನಗ್ತಾ ನಗ್ತಾ ಬರ್ತಿದ್ದೆ ನೀನು. ಮೂರು ಹಿಡಿ ಹಾಕ್ದೆ, ಅನ್ನಕ್ಕೂ ಹಾಕ್ದೆ. ಮೂರು ಅಂದೆ. ನಾನು ಏನಂತ ತಿಳ್ಕೋಬೇಕಿತ್ತು? ಇಪ್ಪತ್ತೊರ್ಷ ತೊಟ್ಟಿ ನಂಗೆ ಸುಳ್ಳು ಹೇಳಿರ್ಲಿಲ್ಲ ಕಣ್ಲಾ."

ಚಪ್ಪರದ ಆಚೆ ಯಾರೋ ಎಣ್ಣೆ ಕಾದಿದೆ ಎಂದು ಕೂಗಿದರು. ಮಾಮು ತಿರುಗಿ ನೋಡಲಿಲ್ಲ. ನಾನು ಕೊರಟಗೆರೆಯ ಅಜ್ಜಿ ಹೇಳಿದ್ದನ್ನು ಹೇಳಿದೆ. ಮುದುಕರ ಹುರಿಹಿಟ್ಟು ಐದನೆಯ ದಿನ ಮುಗಿದದ್ದನ್ನೂ ಹೇಳಿದೆ. ಅವರು ತಲೆಯ ಮೇಲಿನ ವಸ್ತ್ರ ತೆಗೆದು ಮುಖ ಒರೆಸಿಕೊಂಡರು.

"ಬರೀತೀಯೇನ್ಲಾ?"

"ಬರೀತೀನಿ ಮಾಮು."

"ನನ್ ಹೆಸ್ರು?"

"ಎರಡೂ ಹೆಸರು."

"ನಿಮ್ಮವ್ವಂಗೆ ಹೇಳಿದ್ಯಾ?"

"ಇಲ್ಲ."

"ಹೇಳ್ಬ್ಯಾಡ. ನಾನೇ ಹೇಳ್ತೀನಿ" ಎಂದು ಒಲೆಯ ಕಡೆ ಹೋದರು.

ವರದಿ ಬರೆಯಲು ಮೂರು ದಿನ ಹಿಡಿಯಿತು. ಮೊದಲ ಕರಡಿನಲ್ಲಿ ನೀರಿನ ಕೊರತೆಯನ್ನೇ ಮುಂದೆ ಮಾಡಿ, ಸೋಡಾವನ್ನು ಒಂದು ಸಾಲಿನಲ್ಲಿ ಮುಗಿಸಿದ್ದೆ. ನನ್ನ ತೊಟ್ಟಿಯ ವಿಚಾರ ಅದರಲ್ಲಿ ಇರಲೇ ಇಲ್ಲ. ಹರಿದು ಹಾಕಿದೆ. ಎರಡನೆಯ ಕರಡಿನಲ್ಲಿ ಆದದ್ದನ್ನು ಆದ ಹಾಗೆಯೇ ಬರೆದೆ: ಊಟ ಕೆಡುತ್ತಿದೆ ಎಂಬ ದೂರು ನಿಜ. ನೀರು ಸಾಲದ್ದು ಮೊದಲ ಕಾರಣ. ಸೋಡಾ ಎರಡನೆಯದು. ಸೋಡಾ ದಿನದಿನ ಏರಲು ನನ್ನ ಎಣಿಕೆ ಕಾರಣ. ಭಂಡಾರಿ ನನ್ನ ಮಾಮು, ಇದನ್ನು ಮೊದಲೇ ತಿಳಿಸಬೇಕಿತ್ತು. ಹಿಂದೆ ಕೊಟ್ಟ ಪಟ್ಟಿಯನ್ನು ದಯವಿಟ್ಟು ರದ್ದು ಮಾಡಿ. ಮೂರು ಅಂಕಣದ ಕಾಗದವನ್ನೂ ಜೊತೆಗಿಟ್ಟೆ. ಅದರಲ್ಲಿ ಹನ್ನೊಂದು ಉತ್ತಮಗಳು ಹಾಗೆಯೇ ಇದ್ದವು. ಅವರು ಹೇಳಿದ್ದನ್ನು ತಿದ್ದಲು ನನಗೆ ಅಧಿಕಾರವಿರಲಿಲ್ಲ.

ಅಂಚೆಗೆ ಹಾಕಿದ ದಿನ ಹಡಗಿನ ದಿನಚರಿಯ ಒಂಬತ್ತನೆಯ ದಿನದ ಪುಟ ತೆರೆದು "ಊಟ ಒಂದು ಕಡಿಮೆ" ಎಂಬುದರ ಕೆಳಗೆ ಬರೆದೆ: "ತಪ್ಪು. ಐದನೆಯ ದಿನದಿಂದಲೇ ಕಡಿಮೆ."

ಉತ್ತರ ಬರಲು ಎರಡು ತಿಂಗಳಾಯಿತು. ಅಷ್ಟರಲ್ಲಿ ಸುದ್ದಿ ಸೀಮೆಯಲ್ಲಿ ಹಬ್ಬಿತ್ತು. ಕಂಬಳಿ ವ್ಯಾಪಾರಿ ಬೀದಿಯಲ್ಲಿ ಸಿಕ್ಕಿದರೆ ಈಗ ನಗುತ್ತಿರಲಿಲ್ಲ. "ನಾವು ಚೆನ್ನಾಗಿತ್ತು ಅಂದಿದ್ವಲ್ಲ, ನಿಂಗ್ಯಾಕ್ ಬೇಕಿತ್ತು?" ಎಂದರು. ಅವ್ವ ಒಂದು ವಾರ ಮಾತು ಬಿಟ್ಟಳು. ಮಾಮು ನಮ್ಮ ಜಗಲಿಗೆ ಬರುವುದನ್ನು ನಿಲ್ಲಿಸಿದರು.

ಏಜೆಂಟರ ಕಾಗದದಲ್ಲಿ ಮೂರು ವಿಷಯಗಳಿದ್ದವು. ಭಂಡಾರಿಯನ್ನು ಕೆಲಸದಿಂದ ತೆಗೆಯಲಾಗಿದೆ. ನೀರಿನ ವಿಚಾರ ಪರಿಶೀಲನೆಯಲ್ಲಿದೆ. ಮೂರನೆಯದನ್ನು ಎರಡು ಸಲ ಓದಿದೆ. ತೊಟ್ಟಿಗಳನ್ನು ಪ್ರತಿದಿನ ಎಣಿಸಿಡುವ ನನ್ನ ಕ್ರಮ ಮೇಲಿನವರಿಗೆ ಬಹಳ ಮೆಚ್ಚಿಕೆಯಾಗಿದೆ, ಇನ್ನು ಮುಂದೆ ಕಂಪನಿಯ ಎಲ್ಲ ಹಡಗುಗಳಲ್ಲೂ ಇದನ್ನು ಜಾರಿಗೆ ತರಲಾಗುವುದು, ಮೇಲ್ವಿಚಾರಣೆಗೆ ನಾನು ಬರಬೇಕು. ಜೊತೆಗೆ ಅಚ್ಚು ಹಾಕಿಸಿದ ಒಂದು ನಮೂನೆ ಇತ್ತು. ಗೆರೆಗಳು ನಾನು ಎಳೆದ ಹಾಗೆಯೇ ಇದ್ದವು.

ಬರುವುದಿಲ್ಲ ಎಂದು ಬರೆದೆ. ವರದಿಯನ್ನು ಇನ್ನೊಮ್ಮೆ ಓದಿ ಎಂದೂ ಬರೆದೆ. ಅದಕ್ಕೆ ಉತ್ತರ ಬರಲಿಲ್ಲ.

ಮರುವರ್ಷದ ಯಾತ್ರೆಗೆ ನಮ್ಮ ಸೀಮೆಯಿಂದ ಒಂಬತ್ತು ಮಂದಿ ಹೊರಟರು. ಅದೇ ಕಂಪನಿ, ಅದೇ ಹಡಗು. ಸಿರಾ ಬಸ್ಸು ನಿಲ್ದಾಣಕ್ಕೆ ನಾನು ಬೆಳಿಗ್ಗೆಯೇ ಹೋದೆ. ಮಾಮು ನನಗಿಂತ ಮೊದಲೇ ಬಂದಿದ್ದರು. ಕಾಲ ಬಳಿ ಒಂಬತ್ತು ಬಟ್ಟೆಯ ಚೀಲಗಳಿದ್ದವು. ಅವರ ಕೈಯಿಂದ ರಾಗಿ ಹುರಿದ ವಾಸನೆ ಬರುತ್ತಿತ್ತು. ನನ್ನ ಕಡೆ ನೋಡದೆಯೇ ನಾಲ್ಕು ಚೀಲ ನನ್ನ ಕೈಗೆ ಕೊಟ್ಟರು. "ಆ ಕಡೆಯೋರಿಗೆ ನೀನು ಹಂಚು. ಹದಿನೈದು ದಿನಕ್ಕೆ ಬರ್ತದೆ, ನೋಡ್ಕೊಂಡು ತಿನ್ನಕ್ಕೆ ಹೇಳು."

ನಾನು ಹಂಚಿದೆ. ಹುರಿಹಿಟ್ಟನ್ನು ಬೆಲ್ಲದ ನೀರಲ್ಲಿ ಕಲಸಿಕೊಳ್ಳಬೇಕು, ಒದ್ದೆ ಕೈ ಹಾಕಬಾರದು ಎಂದೆ. ಆಮೇಲೆ ಹೇಳಲೆಂದೇ ಬಂದಿದ್ದ ಮಾತು ಹೇಳಿದೆ. ಹಡಗಿನ ಅನ್ನ ಚೆನ್ನಾಗಿದ್ದರೆ ಉಣ್ಣಿ, ಇಲ್ಲದಿದ್ದರೆ ಸಮುದ್ರಕ್ಕೆ ಹಾಕಬೇಡಿ, ತೊಟ್ಟಿಗೇ ಹಾಕಿ. ಪಕ್ಕದಲ್ಲಿ ಯಾರಾದರೂ ಪುಸ್ತಕ ಹಿಡಿದು ನಿಂತಿರುತ್ತಾನೆ. ಅವನ ಎದುರಿಗೇ ಹಾಕಿ.

ಎಲ್ಲರೂ ತಲೆಯಾಡಿಸಿದರು. ಹುಲಿಕುಂಟೆಯಿಂದ ಬಂದಿದ್ದ ಮುದುಕಿಯೊಬ್ಬರು ಆಗಲೇ ಬಸ್ಸು ಹತ್ತಿ ಕೂತಿದ್ದರು. ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಕಿಟಕಿಯಿಂದ ಬಗ್ಗಿ ನನ್ನನ್ನು ಕೇಳಿದರು:

"ಅಲ್ಲಿ ನಿಂತಿರೋನು ಯಾವ ತಾಯಿ ಮಗನೋ ಏನೋ. ನಾವು ಅವನ ಎದುರಿಗೇ ಸುರಿದ್ರೆ ಪಾಪ, ಅವನ್ಗೆ ಬೇಜಾರಾಗಲ್ವೇನಪ್ಪ?"

ಬಸ್ಸು ಹೊರಟಿತು. ಮಾಮು ನನ್ನ ಪಕ್ಕದಲ್ಲಿ ನಿಂತು ಅದು ತುಮಕೂರು ರಸ್ತೆಗೆ ತಿರುಗುವವರೆಗೂ ನೋಡುತ್ತಿದ್ದರು.